ಆರನೇ ಹಾಡಿನ ಏರು

ಅಂಗಡಿಯ ಕಟಿಂಗ್ ಮೇಜಿನಿಂದ,
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಡಬ್ಬಿ,

ಮೊದಲು ಕೈ ಹೇಗಿದೆ ಹೇಳು. ಹಬೆಯ ಪೈಪು ತಗುಲಿ ಮೊಣಕೈ ಹತ್ತಿರ ಸುಟ್ಟಿದೆ ಅಂತ ಹೋದ ಪತ್ರದಲ್ಲಿ ಒಂದೇ ಒಂದು ಸಾಲು ಬರೆದು, ಅದರ ಕೆಳಗೆ ಹಡಗಿನ ಬೆಕ್ಕಿನ ಬಗ್ಗೆ ಎರಡು ಪುಟ ಬರೆದಿದ್ದೀಯ. ಬೆಕ್ಕು ನೂರು ಕಾಲ ಬಾಳಲಿ, ಆದರೆ ನನಗೆ ಬೇಕಾದ್ದು ಕೈಯ ಸುದ್ದಿ. ಗುಳ್ಳೆ ಒಣಗಿತಾ? ಮುಲಾಮು ಹಚ್ಚುತ್ತಿದ್ದೀಯಾ, ಅಥವಾ ಗ್ರೀಸೇ ಮುಲಾಮು ಅಂತ ಸುಮ್ಮನಿದ್ದೀಯಾ? ಕಿವಿಗೆ ಹತ್ತಿ ಇಟ್ಟುಕೊಳ್ಳದೆ ಇಂಜಿನ್ ರೂಮಿಗೆ ಇಳಿಯಬೇಡ. ಮನೆಯಲ್ಲಿ ಒಬ್ಬರ ಕಿವಿ ಹೋಗಿರುವುದೇ ಸಾಕು. ಅಮ್ಮ ಆರಾಮಾಗಿದ್ದಾಳೆ. ಬಲಗಿವಿ ಪೂರ್ತಿ ಮುಷ್ಕರ ಹೂಡಿದೆ, ಎಡಗಿವಿ ಮನಸ್ಸು ಬಂದಾಗ ಕೆಲಸಕ್ಕೆ ಬರುತ್ತದೆ. ಊಟ, ನಿದ್ದೆ, ನನ್ನನ್ನು ಬೈಯುವುದು, ಮೂರೂ ಹೊತ್ತು ಹೊತ್ತಿಗೆ ನಡೆಯುತ್ತಿವೆ. ಮೊನ್ನೆ ಇದ್ದಕ್ಕಿದ್ದ ಹಾಗೆ, "ಅವನ ಹಡಗಿಗೆ ಬ್ರೇಕ್ ಇರುತ್ತೇನೇ?" ಅಂದಳು. ಇರಲ್ಲ ಅಂದರೆ ನಿದ್ದೆ ಮಾಡಲ್ಲ ಅಂತ, ಎರಡಿರುತ್ತೆ, ಒಂದು ಮುಂದೆ ಒಂದು ಹಿಂದೆ ಅಂದೆ. ಸಮಾಧಾನವಾಯಿತು. ನನಗೆ ಹೆಬ್ಬೆರಳಿನ ಗಿಣ್ಣು ಸ್ವಲ್ಪ ನೋವು. ದಬ್ಬಣ ಹಿಡಿಯುವವರಿಗೆಲ್ಲ ಬರುವಂಥದ್ದೇ, ಅಪ್ಪನಿಗೂ ಇತ್ತಲ್ಲ.

ಈಗ ಸುದ್ದಿ. ನಿನಗೆ ಹೇಳದೆ ಒಂದು ಜಾಗಕ್ಕೆ ಹೋಗಿ ಬಂದಿದ್ದೇನೆ. ಬೈಯುವುದಾದರೆ ಪತ್ರ ಪೂರ್ತಿ ಓದಿ ಆಮೇಲೆ ಬೈ. ಬೇಕರಿಯ ಮೇಲಿನ ಮಹಡಿಯಲ್ಲಿ ಹಳೇ ರೆಕಾರ್ಡುಗಳ ಅಂಗಡಿ ಇದೆಯಲ್ಲ, ಅದರ ಯಜಮಾನರು ಹೋದ ತಿಂಗಳು ರಿಪೇರಿಗೆ ಅಂತ ನಮ್ಮಲ್ಲಿಗೆ ಇಪ್ಪತ್ತೆಂಟು ಕುರ್ಚಿ ತಂದು ಹಾಕಿದರು. ಸೀಟೆಲ್ಲ ಕುಸಿದು, ಸ್ಪಂಜು ಹಿಟ್ಟಿನ ಹಾಗೆ ಉದುರುತ್ತಿತ್ತು. ಹೊಸ ಸ್ಪಂಜು, ಕಪ್ಪು ರೆಗ್ಜಿನ್, ಸುತ್ತ ಪಟ್ಟಿ, ಎಲ್ಲ ಮುಗಿಸಿ ನಿನ್ನೆ ಮಧ್ಯಾಹ್ನ ನಾನೇ ಟೆಂಪೋದಲ್ಲಿ ಹಾಕಿಕೊಂಡು ಹೋದೆ. ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರೆ ಎದುರು ಗೋಡೆಯ ಮೇಲೆ ನೀನು! ನೀವು ನಾಲ್ಕೂ ಜನ, ಆಳೆತ್ತರದ ಫೋಟೊ, ನೀನು ಕೊನೆಯಲ್ಲಿ ಡ್ರಮ್ಮಿನ ಕೋಲು ಹಿಡಿದು ಕಣ್ಣು ಮುಚ್ಚಿಕೊಂಡು ನಿಂತಿದ್ದೀಯ. ಕೆಳಗೆ ದೊಡ್ಡ ಅಕ್ಷರದಲ್ಲಿ: "'ಪಕ್ಕದ ಮನೆಯವರು' ತಂಡದ 'ಒದ್ದೆ ಸಿಮೆಂಟು'. ಒಂಬತ್ತು ಹಾಡು, ಇಪ್ಪತ್ತೆರಡು ವರ್ಷ. ಇಂದಿನ ಚರ್ಚೆ: ಇದರಲ್ಲಿ ಅತ್ಯಂತ ಸಪ್ಪೆ ಹಾಡು ಯಾವುದು?"

ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ನಿಮ್ಮ ರೆಕಾರ್ಡಿಗೆ ಇನ್ನೂ ಇಷ್ಟು ಜನ ಇದ್ದಾರೆ ಅಂತ ನನಗೆ ಕನಸಿನಲ್ಲೂ ಗೊತ್ತಿರಲಿಲ್ಲ ಕಣೋ. ಯಜಮಾನರು ಹೇಳಿದರು, ಪ್ರತಿ ವರ್ಷ ಇದೇ ತಿಂಗಳು ಸೇರುತ್ತಾರಂತೆ, ಇದು ನಾಲ್ಕನೇ ವರ್ಷ. ಒಳ್ಳೆಯ ಹಾಡು ಯಾವುದು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿ ನಗುತ್ತಾ ಮನೆಗೆ ಹೋಗುತ್ತಾರೆ, ಸಪ್ಪೆ ಯಾವುದು ಅಂತ ಕೇಳಿದರೇ ನಿಜವಾದ ಜಗಳ, ಅದಕ್ಕೇ ಈ ಏರ್ಪಾಡು ಅಂದರು. "ಟೀ ಕುಡಿದು ಹೋಗಿ ತಾಯಿ, ಕುರ್ಚಿ ಹೇಗಿದೆ ಅಂತ ನೀವೇ ಕೂತು ನೋಡಿ" ಅಂತ ಹಿಂದಿನ ಸಾಲಿನಲ್ಲಿ ಕೂರಿಸಿದರು. ನಾನು ಯಾರು ಅಂತ ಅವರಿಗೂ ಗೊತ್ತಿಲ್ಲ, ಕುರ್ಚಿ ಹೊಲಿಯುವವಳು ಅಷ್ಟೆ. ನಾನೂ ಬಾಯಿ ಬಿಡಲಿಲ್ಲ. ಟೀ ಲೋಟ ಹಿಡಿದುಕೊಂಡು, ಹೋಗಲೋ ಬೇಡವೋ ಅಂತ ತುದಿಯಲ್ಲಿ ಕೂತಿದ್ದೆ. ಯಾಕೆಂದರೆ ಯಾವ ಹಾಡಿನ ಮೇಲೆ ಎಲ್ಲರೂ ಬೀಳುತ್ತಾರೆ ಅಂತ ನನಗೆ ಆಗಲೇ ಅನುಮಾನ ಬಂದಿತ್ತು.

ಅನುಮಾನ ನಿಜವಾಯಿತು. ಮೊದಲು ಎದ್ದು ನಿಂತವರು ಒಬ್ಬರು ಲೆಕ್ಕದ ಮೇಷ್ಟ್ರು. ತೆಳ್ಳಗೆ, ಷರಟಿನ ಜೇಬಿನಲ್ಲಿ ಮೂರು ಪೆನ್ನು, ಕೈಯಲ್ಲಿ ನೋಟ್‌ಬುಕ್ಕು. ನೋಟ್‌ಬುಕ್ಕಿನಲ್ಲಿ ಗ್ರಾಫು ಬೇರೆ ಬರೆದುಕೊಂಡು ಬಂದಿದ್ದರು! "ನಾನು ಮತ್ತೆ ಅದನ್ನೇ ಹೇಳ್ತೀನಿ. ಆರನೇ ಹಾಡು, 'ಅಕ್ಕನ ಸೈಕಲ್ಲು'. ಎಂಟು ಹಾಡು ಬೆಂಕಿ ಉಗುಳ್ತವೆ, ರಸ್ತೆ, ಕಾರ್ಖಾನೆ, ಮುರಿದ ಸೇತುವೆ ಅಂತ. ಮಧ್ಯದಲ್ಲಿ ಈ ಅಕ್ಕ ಗಂಟು ಹೇರಿಕೊಂಡು ಸೈಕಲ್ ತುಳೀತಾಳೆ. ಯಾಕೆ? ಯಾರಿಗೆ ಬೇಕಿತ್ತು? ಹೋಗಲಿ ಅಂದ್ರೆ ತಾಳವಾದರೂ ನಿಲ್ಲುತ್ತಾ? ನಾನು ಗಡಿಯಾರ ಹಿಡಿದು ಎಣಿಸಿದ್ದೀನಿ. ಶುರುವಿನಲ್ಲಿ ನಿಮಿಷಕ್ಕೆ ನೂರಹತ್ತು ಪೆಟ್ಟು. ಮೂರನೇ ಚರಣಕ್ಕೆ ಬರುವಾಗ ತೊಂಬತ್ತು. ಕೊನೇ ನಿಮಿಷದಲ್ಲಿ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ನೂರಮೂವತ್ತು. ಡ್ರಮ್ಮರ್ ತಾನೇ ಬರೆದು ತಾನೇ ಹಾಡಿದ್ದಾನೆ, ತಾನೇ ತಾಳ ತಪ್ಪಿದ್ದಾನೆ." ಜನ ಚಪ್ಪಾಳೆ ಹೊಡೆದರು. ನನಗೆ ಮುಖಕ್ಕೆ ರಕ್ತ ನುಗ್ಗಿತು. ಇದೇ ಮಾತನ್ನು ಆ ಕಾಲದಲ್ಲಿ ಪೇಪರಿನವನು ಬರೆದಿದ್ದ. ಇದೇ ಮಾತನ್ನು ನಿಮ್ಮ ಹಾಡುಗಾರ, ಆ ಜುಟ್ಟು, ಎಲ್ಲರ ಮುಂದೆ ನಿನಗೆ ಹೇಳಿದ್ದ: "ನಿನ್ನ ಹಾಡೇ ನಮ್ಮನ್ನು ಮುಳುಗಿಸಿದ್ದು, ನಿನಗೆ ತಾಳ ನಿಲ್ಲಲ್ಲ." ಆಮೇಲೆ ನೀನು ಕೋಲುಗಳನ್ನು ಅಟ್ಟಕ್ಕೆ ಎಸೆದದ್ದು, ತಂಡ ಒಡೆದದ್ದು, ಹಡಗಿನ ಕೆಲಸಕ್ಕೆ ಅರ್ಜಿ ಹಾಕಿದ್ದು, ಎಲ್ಲ ಒಂದೇ ಮಳೆಗಾಲದಲ್ಲಿ ಮುಗಿದುಹೋಯಿತು.

ಎದುರು ಪಕ್ಷವೂ ಸುಮ್ಮನಿರಲಿಲ್ಲ. ಒಂದಷ್ಟು ಜನ ಎಂಟನೇ ಹಾಡಿನ ಮೇಲೆ ಬಿದ್ದರು, ಜುಟ್ಟಿನ 'ಬೆಂಕಿಪೆಟ್ಟಿಗೆ', ಏಳು ನಿಮಿಷ ಗಿಟಾರು. "ಆ ಗಿಟಾರು ಶುರುವಾದಾಗ ಟೀಗೆ ನೀರಿಟ್ಟರೆ, ಮುಗಿಯೋಷ್ಟರಲ್ಲಿ ಕುಡಿದು ಲೋಟ ತೊಳೆದು ಬೋರಲು ಹಾಕಬಹುದು" ಅಂದ ಒಬ್ಬ. ನಾನು ನಕ್ಕುಬಿಟ್ಟೆ, ಟೀ ಮೂಗಿಗೆ ಹತ್ತಿತು. ಎರಡು ಗುಂಪಾಗಿ ಕೂಗಾಟ. ಮದುವೆಯಾದ ಒಂದು ಜೋಡಿಯಂತೂ ಆ ಕಡೆ ಒಬ್ಬರು ಈ ಕಡೆ ಒಬ್ಬರು ಎದ್ದು ಹೋಗಿ ಕೂತರು. ಹೆತ್ತ ಮಕ್ಕಳ ಪರವಾಗಿಯೂ ಜನ ಇಷ್ಟು ವಕಾಲತ್ತು ವಹಿಸುವುದಿಲ್ಲ. ಒಂದು ಮಾತು ಹೆಮ್ಮೆಯಿಂದ ಹೇಳುತ್ತೇನೆ: ಅಷ್ಟು ಎದ್ದು ಕೂತು ಹಾರಾಡಿದರೂ ನನ್ನ ಒಂದು ಕುರ್ಚಿಯೂ ಕಿರ್ ಅನ್ನಲಿಲ್ಲ.

ಆಗ ಎದ್ದಳು ಕಣೋ ಒಬ್ಬ ಹೆಂಗಸು. ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು, ಬಸ್ ಓಡಿಸುತ್ತಾಳೆ, ಡ್ಯೂಟಿಯಿಂದ ಸೀದಾ ಬಂದಿದ್ದಳು, ಮೈಮೇಲೆ ಇನ್ನೂ ಖಾಕಿ. ಸೊಂಟಕ್ಕೆ ಕೈಕೊಟ್ಟು ನಿಂತು, "ಸರ್, ನೀವು ಯಾವತ್ತಾದರೂ ಹಿಂದೆ ಭಾರ ಹೇರಿಕೊಂಡು ಏರು ಹತ್ತಿದ್ದೀರಾ?" ಅಂತ ಕೇಳಿದಳು. ಮೇಷ್ಟ್ರು, "ಅದಕ್ಕೂ ಇದಕ್ಕೂ ಏನಮ್ಮ ಸಂಬಂಧ?" ಅಂದರು. "ನಾನು ದಿನಾ ಅರವತ್ತು ಜನರನ್ನು ಹೇರಿಕೊಂಡು ಏರು ಹತ್ತೀನಿ. ಇಂಜಿನ್ನು ಹೀಗೇ ಉಸಿರು ಬಿಡುತ್ತೆ. ಅದು ತಾಳ ತಪ್ಪಿದ್ದಲ್ಲ ಸರ್, ಅಲ್ಲಿ ಏರು ಬಂದಿದೆ. ಕಣ್ಣು ಮುಚ್ಚಿ ಕೇಳಿ, ಪೆಡಲ್ ತುಳಿಯೋದು ಗೊತ್ತಾಗುತ್ತೆ." ಅಷ್ಟು ಹೇಳಿ ಯಜಮಾನರ ಕಡೆ ತಿರುಗಿ, "ಹಾಕಿ ಯಜಮಾನರೇ, ಮತ್ತೊಂದು ಸಲ ಹಾಕಿ" ಅಂದಳು.

ಡಬ್ಬಿ, ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಆ ಹಾಡನ್ನು ನಾನು ಪೂರ್ತಿ ಕೇಳಿಯೇ ಇರಲಿಲ್ಲ. ನೀನು ರೆಕಾರ್ಡು ತಂದು ಮೊದಲು ನನ್ನ ಮುಂದೆ ಹಾಕಿದೆಯಲ್ಲ, ಎರಡನೇ ಚರಣಕ್ಕೆ ನಾನೇ ಮುಳ್ಳು ಎತ್ತಿಟ್ಟೆ. ಚಪ್ಪಲಿ ಕಿತ್ತುಹೋದದ್ದು, ಸರಪಳಿ ಬಿದ್ದು ನಾನು ರಸ್ತೆ ಪಕ್ಕ ಕೂತು ಅತ್ತದ್ದು, ಎಲ್ಲ ಅದರಲ್ಲಿತ್ತು. "ಊರಿಗೆಲ್ಲ ಇದನ್ನು ಸಾರಬೇಕಿತ್ತಾ?" ಅಂದೆ. ನೀನು ರೆಕಾರ್ಡನ್ನು ಕವರಿಗೆ ಹಾಕಿಕೊಂಡು ಹೊರಗೆ ಹೋದೆ. ಅಲ್ಲಿಂದೀಚೆಗೆ ನಾವಿಬ್ಬರೂ ಆ ಮಾತು ಎತ್ತಿಲ್ಲ. ಎಲ್ಲರೂ ನಿನ್ನ ಹಾಡನ್ನು ಬೈದರು, ನಿಜ. ಆದರೆ ಮೊದಲು ಬೈದವಳು ನಾನೇ. ಅದು ನನ್ನ ಎದೆಯಲ್ಲಿ ಮೊಳೆಯ ಹಾಗೆ ಕೂತಿತ್ತು. ನಾಚಿಕೆಯಾಗಿತ್ತು ಕಣೋ, ಅಷ್ಟೆ. ಹದಿನಾರಕ್ಕೆ ಶಾಲೆ ಬಿಟ್ಟು ಅಪ್ಪನ ದಬ್ಬಣ ಹಿಡಿದವಳು ನಾನು, ಯಾರ ಮುಂದೆಯೂ ಅತ್ತವಳಲ್ಲ ಅಂತ ಒಂದು ಜಂಬ ಇತ್ತು. ನೀನು ಅದನ್ನು ಬಿಚ್ಚಿಟ್ಟೆ ಅಂತ ಸಿಟ್ಟು. ತಪ್ಪು ನನ್ನದು.

ನಿನ್ನೆ ಕಣ್ಣು ಮುಚ್ಚಿ ಕೇಳಿದೆ. ಆ ಹೆಂಗಸು ಹೇಳಿದ್ದು ಅಕ್ಷರಶಃ ಸರಿ. ಮನೆಯಿಂದ ಹೊರಟಾಗ ಸಮತಟ್ಟು ರಸ್ತೆ, ನಿನ್ನ ಕೈ ಆರಾಮಾಗಿ ಓಡುತ್ತದೆ. ನೀರಿನ ಟ್ಯಾಂಕಿನ ಹತ್ತಿರ ತಿರುಗಿದ ಕೂಡಲೇ ಒಂದು ಸಣ್ಣ ತಡವರಿಕೆ, ಅಲ್ಲಿ ರಸ್ತೆ ಕಿತ್ತುಹೋಗಿತ್ತಲ್ಲ! ಆಮೇಲೆ ಮೋರಿ ದಾಟಿ ಏರು. ಒಂದೊಂದು ಪೆಟ್ಟೂ ನನ್ನ ಮೊಣಕಾಲಿಗೆ ಗೊತ್ತು. ಕುಶನ್ ಕವರುಗಳ ಗಂಟನ್ನು ಕುರ್ಚಿ ಕಾರ್ಖಾನೆಗೆ ಹೊತ್ತುಕೊಂಡು ಹೋಗುತ್ತಿದ್ದಾಗ, ಒಂಬತ್ತು ವರ್ಷದ, ಮನೆಯ ಡಬ್ಬಿಗಳನ್ನೆಲ್ಲ ಬಾರಿಸುತ್ತಿದ್ದ ನೀನು ಕ್ಯಾರಿಯರ್ ಮೇಲೆ ಗಂಟನ್ನು ತಬ್ಬಿಕೊಂಡು ಅದರ ಮೇಲೆ ಬೆರಳಲ್ಲಿ ಬಾರಿಸುತ್ತಾ ಕೂತಿರುತ್ತಿದ್ದೆ. ನನ್ನ ಕಾಲು ಹೋದ ಹಾಗೆ ನಿನ್ನ ಬೆರಳು. ಸುಮ್ಮನೆ ಕೂರೋ ಅಂತ ಎಷ್ಟು ಸಲ ಗದರಿಸಿದ್ದೇನೆ! ಆ ದಾರಿಯನ್ನು ನೀನು ಹಾಗೇ ಎತ್ತಿ ರೆಕಾರ್ಡಿನ ಮೇಲೆ ಇಟ್ಟಿದ್ದೀಯ. ತಾಳ ತಪ್ಪಿದೆ ಅಂತ ಊರೇ ಹೇಳಿದಾಗಲೂ, ಇದು ಏರು ಅಂತ ಒಂದು ಮಾತು ಬಾಯಿಬಿಟ್ಟು ಹೇಳಲಿಲ್ಲವಲ್ಲೋ. ಅಷ್ಟು ಬಿಗುಮಾನ ಯಾಕೆ? ಇರಲಿ, ಯಾರ ತಮ್ಮ ಅಂತ ನೋಡಿದರೆ ಉತ್ತರ ಅಲ್ಲೇ ಇದೆ.

ಆದರೆ ಕೊನೇ ಚರಣ ಇತ್ತಲ್ಲ, ಅದನ್ನು ನಾನು ಕೇಳಿದ್ದು ನಿನ್ನೆಯೇ ಮೊದಲು. ಕಾರ್ಖಾನೆಯ ಗೇಟಿನ ಕೆಳಗಿನ ಕೊನೇ ತಿರುವಿನಲ್ಲಿ ತಮ್ಮ ಸದ್ದಿಲ್ಲದೆ ಕ್ಯಾರಿಯರ್‌ನಿಂದ ಜಾರಿ ಇಳಿದು ಹಿಂದಿನಿಂದ ತಳ್ಳುತ್ತಾನೆ, ಅಕ್ಕ ತಿರುಗಿ ನೋಡುವಷ್ಟರಲ್ಲಿ ಹಾರಿ ಕೂತಿರುತ್ತಾನೆ. ನಾನು ಕೂತ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆ ತಿರುವಿನಲ್ಲಿ ಸೈಕಲ್ಲು ಹಗುರಾಗುತ್ತಿತ್ತು, ನನಗೆ ನೆನಪಿದೆ. ದಿನಾ ತುಳಿದು ತುಳಿದು ನನ್ನ ಕಾಲಿಗೆ ಬಲ ಬಂತು ಅಂದುಕೊಂಡಿದ್ದೆ. ಅಮ್ಮನ ಮುಂದೆ ಕೊಚ್ಚಿಕೊಂಡೂ ಇದ್ದೆ! ಮೂವತ್ತನಾಲ್ಕು ವರ್ಷ ನನ್ನ ಕಾಲನ್ನು ನಾನೇ ಹೊಗಳಿಕೊಂಡು ಬಂದಿದ್ದೇನೆ ಕಳ್ಳಾ.

ಹಾಡು ಮುಗಿಯಿತು. ಮೇಷ್ಟ್ರು ಗಲ್ಲ ಕೆರೆದುಕೊಂಡು, "ಸರಿ, ಏರು ಅಂತಾನೇ ಇಟ್ಟುಕೊಳ್ಳೋಣ. ಹಾಗಾದ್ರೆ ಕೊನೇ ನಿಮಿಷದಲ್ಲಿ ಓಡೋದು ಯಾಕೆ? ಜೊತೆಗೆ ಆ ಸೈಕಲ್ ಬೆಲ್ಲು ಯಾಕೆ ನಿಲ್ಲದೆ ಹೊಡ್ಕೊಳ್ಳುತ್ತೆ? ಗೊತ್ತಿದ್ದವರು ಯಾರಾದ್ರೂ ಹೇಳಿ" ಅಂದರು. ಬಸ್ಸಿನವಳಿಗೂ ಅದು ಗೊತ್ತಿರಲಿಲ್ಲ. ನಾನು ಎದ್ದೆ. ಏಳಬೇಕು ಅಂತ ಎದ್ದದ್ದಲ್ಲ, ಎದ್ದುಹೋಯಿತು. "ವಾಪಸ್ ಬರೋ ದಾರಿ ಇಳಿಜಾರು. ಗಂಟು ಇಳಿಸಿ ಬರ್ತಿದ್ವಿ, ಸೈಕಲ್ಲು ಖಾಲಿ. ಬ್ರೇಕು ಹಿಡೀತಿರಲಿಲ್ಲ. ಅದಕ್ಕೇ ಮೇಲಿನಿಂದ ಕೆಳಗಿನವರೆಗೂ ಬೆಲ್ ಹೊಡೀತಾನೇ ಬರಬೇಕಿತ್ತು" ಅಂದೆ. ಎಲ್ಲರೂ ತಿರುಗಿ ನೋಡಿದರು. ಯಜಮಾನರು, "ನಿಮಗೆ ಹೇಗೆ ಗೊತ್ತು ತಾಯಿ?" ಅಂತ ಕೇಳಿದರು. "ತುಳಿದವಳು ನಾನು. ಆ ಅಕ್ಕ ನಾನೇ. ಆ ಬೆಲ್ಲು ನನ್ನ ಸೈಕಲ್ಲಿನದೇ, ರೆಕಾರ್ಡಿಂಗಿಗೆ ಅಂತ ಹೇಳದೆ ಕೇಳದೆ ಬಿಚ್ಚಿಕೊಂಡು ಹೋಗಿದ್ದಾನೆ. ಇನ್ನೊಂದು ವಿಷಯ. ಹಾಡಿನಲ್ಲಿ ಕೆಂಪು ಸೈಕಲ್ಲು ಅಂತಿದೆ. ಅದು ಹಸಿರು."

ಬಸ್ಸಿನವಳು ಸೀದಾ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಮೊದಲ ಸಲ ಒಬ್ಬಳೇ ಬಸ್ ತೆಗೆದುಕೊಂಡು ಹೊರಟ ದಿನ ಡಿಪೋದಿಂದ ಕೊನೇ ಸ್ಟಾಪಿನವರೆಗೂ ಬಾಯಲ್ಲಿ ಇದೇ ಹಾಡಂತೆ. "ಅಕ್ಕ ಗಾಡಿ ಓಡಿಸೋ ಹಾಡು ಬೇರೆ ಯಾವುದಿತ್ತು ಹೇಳಿ" ಅಂದಳು. ಅವಳ ಖಾಕಿ ಷರಟಿನ ಗುಂಡಿಯೊಂದು ಸಡಿಲವಾಗಿತ್ತು, ಅಲ್ಲೇ ಸೂಜಿ ತೆಗೆದು ಹಾಕಿಕೊಟ್ಟೆ. ನಗಬೇಡ. ಕೈಗೆ ಏನಾದರೂ ಕೆಲಸ ಇಲ್ಲದಿದ್ದರೆ ಕಣ್ಣೀರು ಬರುವ ಹಾಗಿತ್ತು. ಅಷ್ಟರಲ್ಲಿ ಎಲ್ಲರೂ ನನ್ನನ್ನು ಅಕ್ಕ ಅಂತ ಕರೆಯಲು ಶುರು ಮಾಡಿದ್ದರು, ನನ್ನ ಅಪ್ಪನ ವಯಸ್ಸಿನವರೂ!

ಈಗ ಎಲ್ಲರೂ ನಿನ್ನ ಹಾಡಿನ ಪರ ಆಗಿಬಿಟ್ಟರು ಅಂತ ಬರೆದರೆ ನೀನು ನಂಬಲ್ಲ, ನಂಬಲೂ ಬೇಡ. ಮೇಷ್ಟ್ರು ದೊಡ್ಡ ಮನುಷ್ಯ. ನನ್ನ ಎದುರೇ ನಿಂತು ಹೇಳಿದರು, "ತಾಳದ ಆಕ್ಷೇಪಣೆ ಪೂರ್ತಿ ವಾಪಸ್ ತಗೊಳ್ತೀನಿ ಅಕ್ಕ, ನಾಲ್ಕು ವರ್ಷ ತಪ್ಪು ಹೇಳಿದ್ದೀನಿ. ಆದರೆ ಎರಡನೇ ಚರಣ ಉದ್ದವಾಯ್ತು. ಅರ್ಧ ಸಾಕಿತ್ತು. ನೀವು ಬಂದ್ರಿ ಅಂತ ನಾನು ಸುಳ್ಳು ಹೇಳೋಕಾಗಲ್ಲ." ನನಗೆ ಅವರ ಮೇಲೆ ಗೌರವ ಬಂದಿದ್ದು ಆಗ. ನಿಜ ಹೇಳಲಾ, ಎರಡನೇ ಚರಣ ಉದ್ದವೇ ಕಣೋ. ಚಪ್ಪಲಿಯ ಬಗ್ಗೆ ಅಷ್ಟೊಂದು ಬೇಕಿರಲಿಲ್ಲ. ಕೈ ಎತ್ತಿಸಿ ಎಣಿಸಿದರು. ನನಗೆ ಮತ ಇಲ್ಲ, ಸಂಬಂಧಿಕರಿಗೆ ಇಲ್ಲವಂತೆ, ಅದೂ ಮೇಷ್ಟ್ರದೇ ಕಾನೂನು. ಹೋದ ವರ್ಷ ಇಪ್ಪತ್ತನಾಲ್ಕು ಜನರಲ್ಲಿ ಇಪ್ಪತ್ತೊಂದು ಜನ ನಿನ್ನ ಹಾಡನ್ನೇ ಸಪ್ಪೆ ಅಂದಿದ್ದರಂತೆ. ಈ ಸಲ ಇಪ್ಪತ್ತಾರು ಜನರಲ್ಲಿ ಹದಿನಾಲ್ಕು ನಿನಗೆ, ಹನ್ನೆರಡು ಬೆಂಕಿಪೆಟ್ಟಿಗೆಗೆ. ಎರಡೇ ಎರಡು ಮತದಲ್ಲಿ ನಿನ್ನದೇ ಅತ್ಯಂತ ಸಪ್ಪೆ ಹಾಡು. ಸೋತಿದ್ದೀಯ ಮಗನೇ, ಆದರೆ ಹೀಗೆ ಸೋತವರನ್ನು ನಾನು ಬೇರೆಲ್ಲೂ ನೋಡಿಲ್ಲ. ಇಪ್ಪತ್ತಾರು ಜನ ರಜದ ಮಧ್ಯಾಹ್ನ ಬಿಟ್ಟು ಬಂದು, ಎರಡು ಗಂಟೆ ಗಂಟಲು ಹರಿದುಕೊಂಡದ್ದು ನಾವಿಬ್ಬರು ಒಂದು ಏರು ಹತ್ತಿದ ವಿಷಯಕ್ಕೆ. ನಾನು ಮಾಡಿದ ಕುರ್ಚಿಯ ಮೇಲೆ ಕೂತು, ನೀನು ಮಾಡಿದ ಹಾಡಿಗೆ ಜಗಳ. ಅಪ್ಪ ಇರಬೇಕಿತ್ತು ಅನ್ನಿಸಿತು. ಮೆಟ್ಟಿಲು ಇಳಿಯುವಾಗ ನನ್ನ ಬೆನ್ನು ನೆಟ್ಟಗಿತ್ತು ಕಣೋ, ಖಾಲಿ ಟೆಂಪೋದಲ್ಲಿ ರಾಣಿಯ ಹಾಗೆ ಕೂತು ಬಂದೆ.

ಮನೆಗೆ ಬಂದು ಅಮ್ಮನ ಎಡಗಿವಿಯಲ್ಲಿ ಎಲ್ಲ ಕೂಗಿ ಹೇಳಿದೆ. ನೀನು ಹಿಂದಿನಿಂದ ತಳ್ಳುತ್ತಿದ್ದ ಸಂಗತಿಯನ್ನಂತೂ ಎರಡೆರಡು ಸಲ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ನನಗೆ ಆಗಲೇ ಗೊತ್ತಿತ್ತು. ಕ್ಯಾರಿಯರ್ ಮೇಲೆ ಕೂತು ಹೋಗೋ ಹುಡುಗನ ಚಪ್ಪಲಿ ಎರಡು ತಿಂಗಳಿಗೆ ಯಾಕೆ ಸವೆಯುತ್ತೆ? ಕೇಳಿದೆ, ಅಕ್ಕನಿಗೆ ಹೇಳಬೇಡ ಅಂದ. ಹೇಳಲಿಲ್ಲ" ಅಂದಳು. ಇಷ್ಟು ವರ್ಷ! ನಮ್ಮ ಮನೆಯಲ್ಲಿ ಬಾಯಿ ಬಿಡುವವಳು ನಾನೊಬ್ಬಳೇ ಅಂತ ಕಾಣುತ್ತದೆ, ನನಗೆ ಮಾತ್ರ ಯಾವುದೂ ಗೊತ್ತಿರುವುದಿಲ್ಲ.

ಕೈಯ ಬಗ್ಗೆ ಮರೆಯದೆ ಬರೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಡೆಕ್ಕಿಗೆ ಹೋಗಿ ಸ್ವಲ್ಪ ಬಿಸಿಲು ಕಾಯಿಸಿಕೋ. ಅಮ್ಮ ತಲೆ ಸವರಿದ್ದೇನೆ ಅಂತ ಬರೆಯಲು ಹೇಳಿದ್ದಾಳೆ, ನಾನೂ ಸವರಿದ್ದೇನೆ. ನೀನು ಇರುವ ನೀರು ಶಾಂತವಾಗಿರಲಿ, ಬೆಕ್ಕು ಸಹಿತ ಎಲ್ಲರೂ ಚೆನ್ನಾಗಿರಿ.

ಇತಿ,
ಆರನೇ ಹಾಡಿನ ಅಕ್ಕ

ಮರೆತ ಮಾತು (ಸೋಮವಾರ, ಅಂಚೆಯವರು ಬರುವ ಹೊತ್ತು, ಅವಸರದಲ್ಲಿ): ಲಕೋಟೆ ಅಂಟಿಸುವ ಹೊತ್ತಿಗೆ ನಿಮ್ಮ ಹಾಡುಗಾರ ಬಂದಿದ್ದ. ಅದೇ ಜುಟ್ಟು. ಈಗ ಜುಟ್ಟೂ ಇಲ್ಲ, ಜುಟ್ಟಿನ ಜಾಗದಲ್ಲಿ ಕೂದಲೂ ಇಲ್ಲ, ನನಗೆ ಗುರುತೇ ಸಿಗಲಿಲ್ಲ. ರೆಕಾರ್ಡ್ ಅಂಗಡಿಯವರು ಶನಿವಾರದ್ದೆಲ್ಲ ಫೋನಿನಲ್ಲಿ ಹೇಳಿದ್ದಾರೆ. ತನ್ನ ಮನೆಯ ಒಂದು ಕುರ್ಚಿ ಹೊತ್ತು ತಂದಿದ್ದ, ಸೀಟು ಹರಿದಿದೆ ಅಕ್ಕ ಅಂತ. ತಾನಾಗಿ ಹರಿದ ರೆಗ್ಜಿನ್ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ಲವಾ, ಬ್ಲೇಡಿನಲ್ಲಿ ನೆಟ್ಟಗೆ ಕೊಯ್ದುಕೊಂಡು ಬಂದಿದ್ದಾನೆ! ಕುರ್ಚಿ ಇಳಿಸಿದವನು, "ಏರು ಅಂತ ಅವನು ಒಂದು ಮಾತು ಹೇಳಿದ್ದಿದ್ರೆ..." ಅಂದ. ನೀನು ಕೇಳಿದ್ದೆಯಾ ಅಂದೆ. ಇಲ್ಲ ಅಂತ ತಲೆ ತಗ್ಗಿಸಿದ. "ಆ ಹಾಡು ನನಗೆ ಹಾಡೋಕೆ ಬರಲಿಲ್ಲ ಅಕ್ಕ, ಎಷ್ಟು ಸಲ ಪ್ರಯತ್ನಪಟ್ಟೆ. ಅದಕ್ಕೇ ಕೆಟ್ಟದ್ದು ಅಂದೆ. ಅವನಿಗೆ ನಾನೇ ಬರೀಬೇಕು, ವಿಳಾಸ ಕೊಡಿ" ಅಂದ. ನಾನು ಕೊಟ್ಟಿಲ್ಲ. ಕೊಡುವುದು ಬಿಡುವುದು ನಿನ್ನದು, ಬೇಡ ಅಂದರೆ ನನ್ನದೇನೂ ಒತ್ತಾಯವಿಲ್ಲ. ಕೊಡಲಾ? ಒಂದು ಸಾಲು ಬರೆ ಸಾಕು. ಅವನ ಕುರ್ಚಿ ಅರ್ಧ ಗಂಟೆಯ ಕೆಲಸ. ನಿನ್ನ ಉತ್ತರ ಬರಲು ಸಮಯ ಬೇಕಲ್ಲ, ಎರಡು ತಿಂಗಳಾದರೂ ಬೇಕು ಅಂತ ಹೇಳಿ ಕಳಿಸಿದ್ದೇನೆ.